ತಕ್ಕಡಿಗೆ ಮುದ್ರೆ ಉಂಟು, ಸೂತ್ರಕ್ಕೆ ಬೀಗ ಬೇಡವೇ?



ಕಾಫಿಯಾಗಲಿ ಅಡಿಕೆಯಾಗಲಿ, ಮಾಲು ತಂದವರು ಮೊದಲು ನೋಡುವುದು ತಕ್ಕಡಿಯನ್ನು. ಸರ್ಕಾರದ ಮುದ್ರೆಯಿಲ್ಲದ ತಕ್ಕಡಿಯ ಮೇಲೆ ಒಂದು ಚೀಲವನ್ನೂ ಇಡಲು ನಾವು ಒಪ್ಪುವುದಿಲ್ಲ. ಹೀಗಿರುವಾಗ, ತೂಕವಾದ ಮೇಲೆ ನಮ್ಮ ಹಣವನ್ನು ನಿರ್ಧರಿಸುವ ಲೆಕ್ಕದ ಹಾಳೆಗೆ ಯಾವ ಮುದ್ರೆಯೂ ಇಲ್ಲದಿರುವುದು ಸರಿಯೇ?

ಈಗ ನಮ್ಮ ಲೆಕ್ಕವೆಲ್ಲ ಗಣಕಯಂತ್ರದಲ್ಲಿದೆ. ಒಂದೇ ಸ್ಪ್ರೆಡ್‌ಶೀಟನ್ನು ಕಚೇರಿಯಲ್ಲೂ ಖರೀದಿ ಕೇಂದ್ರದಲ್ಲೂ ನಾಲ್ಕಾರು ಮಂದಿ ತೆರೆದು ತುಂಬುತ್ತಾರೆ. ಕಳೆದ ಹಂಗಾಮಿನಲ್ಲಿ ನಡೆದುದನ್ನು ಮುಚ್ಚಿಡದೆ ಹೇಳುತ್ತೇನೆ. ಸದಸ್ಯರೊಬ್ಬರು 20 ಚೀಲ ರೊಬಸ್ಟಾ ಚೆರಿ ತಂದರು. ನಿವ್ವಳ 1,000 ಕಿಲೋ. 50 ಕಿಲೋ ಚೆರಿಗೆ 27 ಕಿಲೋ ಬೀಜದ ಔಟ್‌ಟರ್ನ್‌ನಂತೆ 540 ಕಿಲೋ. ಇದನ್ನು ಹಾಳೆ ತಾನೇ ಗುಣಿಸಿ ತೋರಿಸಬೇಕು. ಅವಸರದಲ್ಲಿ ಯಾರೋ ಆ ಸೆಲ್ಲಿನೊಳಗೇ 540 ಎಂದು ಟೈಪು ಮಾಡಿದರು, ಸೂತ್ರ ಅಳಿಸಿಹೋಯಿತು. ಸಂಜೆ ಇನ್ನೊಂದು ಚೀಲ ಬಂದು ತೂಕ 1,050 ಆಯಿತು. ಬೀಜ 567 ಆಗಬೇಕಾದದ್ದು 540ರಲ್ಲೇ ನಿಂತಿತು. ಒಂದು ಇಡೀ ಚೀಲದ ಬೆಳೆ ಮಾಯ! ಆ ಸದಸ್ಯರು ಮನೆಯಲ್ಲಿ ಪೆನ್ಸಿಲ್ ಹಿಡಿದು ಗುಣಿಸಿದ್ದರಿಂದ ತಪ್ಪು ತಿಳಿಯಿತು, ಬಾಕಿ ಹಣ ಸಂದಾಯವಾಯಿತು. ಗುಣಿಸಿ ನೋಡದವರ ಗತಿಯೇನು?

ತಪ್ಪು ಗುಮಾಸ್ತರದಲ್ಲ, ಬಾಗಿಲು ತೆರೆದಿಟ್ಟ ಕಾರ್ಯದರ್ಶಿಯಾದ ನನ್ನದು. ಟೈಪು ಮಾಡಿದ ಅಂಕಿಯೂ ಸೂತ್ರ ಕೊಟ್ಟ ಅಂಕಿಯೂ ನೋಡಲು ಒಂದೇ.

ಪರಿಹಾರಕ್ಕೆ ಕಾಸಿನ ಖರ್ಚಿಲ್ಲ. ಗೂಗಲ್ ಶೀಟ್ಸ್‌ನಲ್ಲಿ ‘ಡೇಟಾ’ ಪಟ್ಟಿಯ ‘ಪ್ರೊಟೆಕ್ಟ್ ಶೀಟ್ಸ್ ಅಂಡ್ ರೇಂಜಸ್’ ಒತ್ತಿ ಇಡೀ ಹಾಳೆಗೆ ಬೀಗ ಹಾಕಿ, ಚೀಲ, ತೂಕ ಬರೆಯುವ ಸೆಲ್ಲುಗಳನ್ನು ಮಾತ್ರ ಬಿಡಬಹುದು. ಬೀಗದೊಳಗೆ ಯಾರು ಬರೆಯಬಹುದೆಂದೂ ಗೊತ್ತುಪಡಿಸಬಹುದು. ಎಕ್ಸೆಲ್‌ನಲ್ಲಿ ಎಲ್ಲ ಸೆಲ್ಲುಗಳೂ ಮೊದಲಿನಿಂದಲೇ ‘ಲಾಕ್ಡ್’. ಆದರೆ ‘ಪ್ರೊಟೆಕ್ಟ್ ಶೀಟ್’ ಒತ್ತುವವರೆಗೆ ಆ ಬೀಗ ಬೀಳದು. ಆದ್ದರಿಂದ ಬರೆಯುವ ಸೆಲ್ಲುಗಳ ‘ಲಾಕ್ಡ್’ ಗುರುತನ್ನು ಮೊದಲು ತೆಗೆದು, ಅನಂತರ ಅದನ್ನು ಒತ್ತಬೇಕು.

ಇದು ಸಿಬ್ಬಂದಿಗೆ ಅವಮಾನವೆಂದು ಕೆಲವು ನಿರ್ದೇಶಕರ ಅಭಿಪ್ರಾಯ. ತಕ್ಕಡಿಗೆ ಮುದ್ರೆ ಹಾಕುವುದು ತೂಗುವವನು ಕಳ್ಳನೆಂದೇ? ಬೀಗವಿದ್ದರೆ ಗುಮಾಸ್ತರ ಮೇಲೆ ವೃಥಾ ಅಪವಾದ ಬಾರದು. ದರ ದಿನವೂ ಬದಲಾಗುವುದಲ್ಲ ಎನ್ನುವವರಿಗೂ ಉತ್ತರವಿದೆ: ದರ, ಔಟ್‌ಟರ್ನ್ ಬರೆಯಲು ಬೇರೆ ಸೆಲ್ಲಿರಲಿ, ಅದು ತೆರೆದಿರಲಿ, ಗುಣಿಸುವ ಸೂತ್ರ ಮಾತ್ರ ಬೀಗದೊಳಗಿರಲಿ.

ಆದರೆ ಈ ಬೀಗ ತಡೆಯುವುದು ಕೈತಪ್ಪನ್ನು, ಕಳ್ಳತನವನ್ನಲ್ಲ. ಯಾರು ಯಾವಾಗ ಏನು ತಿದ್ದಿದರೆಂದು ಗೂಗಲ್ ಹಾಳೆಯ ‘ವರ್ಷನ್ ಹಿಸ್ಟರಿ’ ತೋರಿಸುತ್ತದೆ. ತಿಂಗಳಿಗೊಮ್ಮೆ ಅದನ್ನು ನೋಡಬೇಕು. ಬೀಗದ ಕೈ ಕಾರ್ಯದರ್ಶಿಯೊಬ್ಬನ ಬಳಿಯೇ ಇರುವುದೂ ಸಲ್ಲದು. ಎಕ್ಸೆಲ್ ಪಾಸ್‌ವರ್ಡ್ ಮರೆತರೆ ಕಂಪನಿಯವರೂ ಹುಡುಕಿ ಕೊಡಲಾರರು. ಅದನ್ನು ಲಕೋಟೆಯಲ್ಲಿ ಮೊಹರು ಮಾಡಿ ಅಧ್ಯಕ್ಷರ ವಶದಲ್ಲಿಡುವುದು, ಸೂತ್ರ ತಿದ್ದಿದರೆ ನಡವಳಿ ಪುಸ್ತಕದಲ್ಲಿ ದಾಖಲಿಸುವುದು ಯುಕ್ತವೆಂದು ನನ್ನ ಅಭಿಮತ. ಬರುವ ಹಂಗಾಮಿಗೆ ಮುಂಚೆ ಆಡಳಿತ ಮಂಡಳಿ ಹೀಗೆ ಠರಾವು ಮಾಡಬೇಕೆಂದು ಕೋರುತ್ತೇನೆ.

ಅಲ್ಲಿಯವರೆಗೂ, ಅನಂತರವೂ, ತಮ್ಮ ರಶೀದಿಯನ್ನು ಒಮ್ಮೆ ಕೈಲೆಕ್ಕದಲ್ಲಿ ಗುಣಿಸಿ ನೋಡಿ. ವ್ಯತ್ಯಾಸ ಕಂಡರೆ ಸಂಕೋಚವಿಲ್ಲದೆ ಕಚೇರಿಗೆ ಬನ್ನಿ. ಸಂಘ ತಮ್ಮದು.