ಗಿರಾಕಿಯ ನೆಪ, ಮಾಲೀಕನ ಹೊಣೆ

ಅಮೆರಿಕದ ಇಂಡಿಯಾನಾ ರಾಜ್ಯದ ಪ್ಲೇನ್‌ಫೀಲ್ಡ್‌ನಲ್ಲಿ ವೃದ್ಧರ ಆರೈಕೆ ಕೇಂದ್ರವೊಂದಿತ್ತು. ಅಲ್ಲಿನ ನರ್ಸಿಂಗ್ ಸಹಾಯಕಿಯರ ಕೈಗೆ ದಿನವೂ ಒಂದು ಹಾಳೆ ಬರುತ್ತಿತ್ತು. ಯಾರು ಯಾರನ್ನು ನೋಡಿಕೊಳ್ಳಬೇಕು, ಯಾರಿಗೆ ಯಾವ ಆರೈಕೆ ಬೇಕು ಎಂಬ ವಿವರ ಅದರಲ್ಲಿ. ಒಬ್ಬ ವೃದ್ಧೆಯ ಹೆಸರಿನ ಮುಂದೆ ಇನ್ನೊಂದು ಸೂಚನೆಯೂ ಇತ್ತು: ಕಪ್ಪು ಸಹಾಯಕಿಯರು ಇವರಿಗೆ ಬೇಡ. 2008ರಲ್ಲಿ ಕೆಲಸಕ್ಕೆ ಸೇರಿದ ಕಪ್ಪು ಮಹಿಳೆಯೊಬ್ಬರು ಕೆಲಸ ಹೋದೀತೆಂಬ ಭಯದಲ್ಲಿ ಅದನ್ನು ಪಾಲಿಸಿದರು. ಒಮ್ಮೆ ಅದೇ ವೃದ್ಧೆ ನೆಲಕ್ಕೆ ಬಿದ್ದು ಏಳಲಾಗದೆ ಇದ್ದುದನ್ನು ಕಂಡರು. ಕೈಕೊಟ್ಟು ಎಬ್ಬಿಸುವಂತಿಲ್ಲ. ಬಿಳಿಯ ಸಹಾಯಕಿಯನ್ನು ಹುಡುಕಿಕೊಂಡು ಕಟ್ಟಡವೆಲ್ಲ ಅಲೆಯಬೇಕಾಯಿತು. ಮೂರು ತಿಂಗಳಾಗುವಷ್ಟರಲ್ಲಿ ಅವರನ್ನೇ ಕೆಲಸದಿಂದ ತೆಗೆದರು.

ಅವರು ನ್ಯಾಯಾಲಯಕ್ಕೆ ಹೋದರು. ನಿವಾಸಿಗಳ ಆಯ್ಕೆಯನ್ನು ಗೌರವಿಸುವುದು ನಮ್ಮ ಕರ್ತವ್ಯ ಎಂದು ಕೇಂದ್ರ ವಾದಿಸಿತು. 2010ರಲ್ಲಿ ಏಳನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ವೃದ್ಧೆ ತನ್ನ ಖರ್ಚಿನಲ್ಲಿ ಬೇಕಾದವರನ್ನು ಇಟ್ಟುಕೊಳ್ಳಬಹುದು. ಆದರೆ ಆಕೆಯ ಇಷ್ಟಕ್ಕೆ ತಕ್ಕಂತೆ ಸಂಸ್ಥೆ ತನ್ನ ನೌಕರರನ್ನು ಬಣ್ಣ ನೋಡಿ ವಿಂಗಡಿಸುವಂತಿಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆಯಡಿ ಅದು ಅಪರಾಧವಲ್ಲದಿದ್ದರೂ ಕಾನೂನುಬಾಹಿರ, ಪರಿಹಾರ ಕೊಡಬೇಕಾದ ತಪ್ಪು.

‘ನನಗೇನೂ ಭೇದವಿಲ್ಲ, ಗಿರಾಕಿಗಳು ಒಪ್ಪಲ್ಲ’ ಎಂಬ ಮಾತು ಜಗತ್ತಿನ ಎಲ್ಲ ಪೇಟೆಗಳಲ್ಲೂ ಕೇಳಿಸುತ್ತದೆ. ಬೆಲ್ಜಿಯಂನಲ್ಲಿ ಗ್ಯಾರೇಜ್ ಬಾಗಿಲು ಕೂರಿಸುವ ಫೆರಿನ್ ಎಂಬ ಕಂಪನಿಗೆ 2005ರಲ್ಲಿ ಕೆಲಸಗಾರರು ಬೇಕಾಗಿದ್ದರು. ವಲಸೆ ಮೂಲದವರನ್ನು ಮನೆಯೊಳಗೆ ಬಿಡಲು ಗ್ರಾಹಕರು ಹಿಂಜರಿಯುತ್ತಾರೆ, ಹಾಗಾಗಿ ಅಂಥವರನ್ನು ತೆಗೆದುಕೊಳ್ಳುವುದಿಲ್ಲ ಎಂದು ಅದರ ನಿರ್ದೇಶಕ ಬಹಿರಂಗವಾಗಿಯೇ ಹೇಳಿದ. ನಿರಾಕರಣೆಗೆ ಒಳಗಾದೆ ಎಂದು ದೂರು ಕೊಟ್ಟವರು ಒಬ್ಬರೂ ಇರಲಿಲ್ಲ. ಆದರೂ ಯುರೋಪಿಯನ್ ನ್ಯಾಯಾಲಯ 2008ರ ಜುಲೈನಲ್ಲಿ ಆ ಹೇಳಿಕೆಯನ್ನೇ ನೇರ ತಾರತಮ್ಯ ಎಂದು ಪರಿಗಣಿಸಿತು. ಇಂಥ ಮಾತು ಕೇಳಿದವರು ಅರ್ಜಿಯನ್ನೇ ಹಾಕುವುದಿಲ್ಲ. ಅರ್ಜಿ ಬರದ ಕಡೆ ದೂರುದಾರ ಎಲ್ಲಿಂದ ಬರಬೇಕು? ತಾರತಮ್ಯದ ಅತಿ ಕ್ರೂರ ರೂಪ ಇದೇ. ಬಾಗಿಲು ತಟ್ಟುವ ಮೊದಲೇ ಮನುಷ್ಯ ಹಿಂದೆ ಸರಿದಿರುತ್ತಾನೆ.

ಪೈಪೋಟಿ ಹೆಚ್ಚಿದರೆ ಪೂರ್ವಗ್ರಹ ತಾನಾಗಿ ಕರಗುತ್ತದೆ ಎಂದು ನಂಬುವವರು ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಹೇಳಿದ್ದನ್ನು ಪೂರ್ತಿ ಓದಬೇಕು. ಮುಂದೆ ನೊಬೆಲ್ ಪಡೆದ ಬೆಕರ್ 1957ರಲ್ಲೇ ಈ ಬಗ್ಗೆ ಪುಸ್ತಕ ಬರೆದಿದ್ದರು. ಮಾಲೀಕನಿಗೇ ಪೂರ್ವಗ್ರಹವಿದ್ದರೆ ಒಳ್ಳೆಯ ಕೆಲಸಗಾರ ಕೈತಪ್ಪಿ ಅವನಿಗೆ ನಷ್ಟವಾಗುತ್ತದೆ; ಪೈಪೋಟಿಯಲ್ಲಿ ಹಿಂದೆ ಬೀಳುತ್ತಾನೆ. ಪೂರ್ವಗ್ರಹ ಗಿರಾಕಿಯದಾದರೆ ಲೆಕ್ಕ ತಿರುವುಮುರುವು. ಗಿರಾಕಿಗೆ ಮಣಿದವನಿಗೇ ಲಾಭ, ಎದುರು ನಿಂತವನಿಗೆ ನಷ್ಟ. ಹ್ಯಾರಿ ಹೋಲ್ಜರ್ ಮತ್ತು ಕೀತ್ ಇಹ್ಲಾನ್‌ಫೆಲ್ಟ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ಅಟ್ಲಾಂಟಾ, ಬಾಸ್ಟನ್, ಡೆಟ್ರಾಯಿಟ್, ಲಾಸ್ ಏಂಜಲೀಸ್ ನಗರಗಳಲ್ಲಿ ಇದನ್ನೇ ಕಂಡಿತು: ಅಂಗಡಿಗೆ ಬರುವವರ ಬಣ್ಣ ಅಂಗಡಿಯಲ್ಲಿ ನಿಲ್ಲುವವರ ಬಣ್ಣದ ಮೇಲೆ ಗಣನೀಯ ಪ್ರಭಾವ ಬೀರುತ್ತಿತ್ತು, ಅದರಲ್ಲೂ ಗಿರಾಕಿಯೊಡನೆ ಮುಖಾಮುಖಿಯಾಗುವ ಕೆಲಸಗಳಲ್ಲಿ. ಮಾರುಕಟ್ಟೆ ಈ ಗಾಯವನ್ನು ತಾನಾಗಿ ವಾಸಿಮಾಡದು. ಒಳ್ಳೆಯ ಮನಸ್ಸಿನ ಮಾಲೀಕನಿಗೂ ಬೆನ್ನಿಗೆ ಕಾನೂನು ಬೇಕು. ‘ನಿಯಮ ಹೀಗಿದೆ, ನಾನೇನು ಮಾಡಲಿ’ ಎಂದು ಅವನು ಗಿರಾಕಿಗೆ ಹೇಳುವಂತಾಗಬೇಕು. ಪಕ್ಕದ ಅಂಗಡಿಯವನೂ ಅದನ್ನೇ ಹೇಳುವಂತಾಗಬೇಕು.

ಗಿರಾಕಿ ಎಂದರೆ ಭೇದ ಮಾಡುವವನೇ ಎಂದುಕೊಳ್ಳಬೇಕಾಗಿಲ್ಲ. 1934ರಲ್ಲಿ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಬ್ಲಮ್‌ಸ್ಟೈನ್ ಎಂಬ ದೊಡ್ಡ ಮಳಿಗೆ ಕಪ್ಪು ಜನರ ಹಣದಿಂದಲೇ ನಡೆಯುತ್ತಿತ್ತು. ಕೌಂಟರಿನಲ್ಲಿ ಗುಮಾಸ್ತರಾಗಿ ಮಾತ್ರ ಅವರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಕೆಲಸ ಕೊಡದ ಅಂಗಡಿಯಲ್ಲಿ ಕೊಳ್ಳಬೇಡಿ ಎಂಬ ಚಳವಳಿ ಅದರ ಮುಂದೆ ಧರಣಿ ಕೂತಿತು. ವಾರಗಟ್ಟಲೆ ಬಹಿಷ್ಕಾರ ನಡೆದ ಮೇಲೆ ಮಳಿಗೆ ಬಗ್ಗಿತು. ಪೂರ್ವಗ್ರಹಕ್ಕಿರುವಷ್ಟೇ ಬೆಲೆ ನ್ಯಾಯದ ಹಟಕ್ಕೂ ಪೇಟೆಯಲ್ಲಿ ಸಿಕ್ಕಿತು.

ನಮ್ಮಲ್ಲಿ ಈ ತಾರತಮ್ಯದ ರೋಗಕ್ಕೆ ಜನಾಂಗದ ಜೊತೆ ಜಾತಿಯೂ ಸೇರಿಕೊಂಡಿದೆ. ಉತ್ತರಾಖಂಡದ ಚಂಪಾವತ್ ಜಿಲ್ಲೆಯ ಸರ್ಕಾರಿ ಶಾಲೆಯೊಂದರಲ್ಲಿ 2021ರ ಡಿಸೆಂಬರ್‌ನಲ್ಲಿ ದಲಿತ ಮಹಿಳೆಯೊಬ್ಬರು ಬಿಸಿಯೂಟದ ಅಡುಗೆಯವರಾಗಿ ಬಂದರು. ಮೇಲ್ಜಾತಿಯ ಮಕ್ಕಳು ತಟ್ಟೆ ಮುಟ್ಟಲಿಲ್ಲ. ನೇಮಕದ ಕ್ರಮ ಸರಿಯಿಲ್ಲ ಎಂಬ ಕಾರಣ ಹೇಳಿ ಅವರನ್ನು ತೆಗೆದರು. ಸುದ್ದಿ ದೇಶವೆಲ್ಲ ಹರಡಿದ ಮೇಲೆ ಮತ್ತೆ ಕರೆದರು. ನಮ್ಮ ಕೋಲಾರ, ಚಾಮರಾಜನಗರ ಜಿಲ್ಲೆಗಳಿಂದಲೂ ಇಂಥ ವರದಿಗಳು ಬಂದಿವೆ. ಬೆಂಗಳೂರಿನಲ್ಲಿ ಈಶಾನ್ಯ ರಾಜ್ಯಗಳ ಹುಡುಗ ಹುಡುಗಿಯರಿಗೆ ಚೈನೀಸ್ ಹೋಟೆಲು, ಬ್ಯೂಟಿ ಪಾರ್ಲರುಗಳಲ್ಲಿ ಸುಲಭವಾಗಿ ಕೆಲಸ ಸಿಗುತ್ತದೆ. ಮುಖ ನೋಡಿ ಕೊಟ್ಟ ಕೆಲಸ ಅದು. ಅದೇ ಮುಖ ನೋಡಿ ಬೀದಿಯಲ್ಲಿ ಹಂಗಿಸುವವರೂ ಇದ್ದಾರೆ. 2012ರ ಆಗಸ್ಟ್‌ನಲ್ಲಿ ಹಲ್ಲೆಯ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಮಂದಿ ಗುವಾಹಟಿಯ ರೈಲು ಹತ್ತಿದ್ದನ್ನು ಈ ನಗರ ಮರೆಯಬಾರದು.

ಉದ್ಯೋಗದಲ್ಲಿ ತಾರತಮ್ಯ ತಡೆಯುವ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 111ನೇ ಒಡಂಬಡಿಕೆಗೆ ಭಾರತ 1960ರಲ್ಲೇ ಒಪ್ಪಿಗೆ ಕೊಟ್ಟಿದೆ. ಸಂವಿಧಾನದ 16ನೇ ವಿಧಿ ಸರ್ಕಾರಿ ನೌಕರಿಗೆ ಮಾತ್ರ ಅನ್ವಯಿಸುತ್ತದೆ. ಅಸ್ಪೃಶ್ಯತೆಯ ವಿರುದ್ಧ 1955ರ ಕಾಯ್ದೆ ಇದೆ. ಆದರೆ ಜನಾಂಗ, ಊರು, ಧರ್ಮ ನೋಡಿ ಖಾಸಗಿ ಮಾಲೀಕ ಕೆಲಸ ನಿರಾಕರಿಸಿದರೆ ಹಿಡಿದು ಕೇಳುವ ಸಮಗ್ರ ಕಾನೂನಿಲ್ಲ. ಶಶಿ ತರೂರ್ ಲೋಕಸಭೆಯಲ್ಲಿ ಮಂಡಿಸಿದ ಸಮಾನತೆಯ ಖಾಸಗಿ ಮಸೂದೆ ಕಾಯ್ದೆಯಾಗಲಿಲ್ಲ. ದೆಹಲಿಗಾಗಿ ಕರ್ನಾಟಕ ಕಾಯಬೇಕಾಗಿಲ್ಲ. ಕಾರ್ಮಿಕ ವಿಷಯದಲ್ಲಿ ಕಾನೂನು ಮಾಡುವ ಅಧಿಕಾರ ರಾಜ್ಯಕ್ಕೂ ಇದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ಒಂದು ಕಲಮು ಸೇರಿಸಲಿ: ಜನಾಂಗ, ಜಾತಿ, ಧರ್ಮ, ಊರು ನೋಡಿ ಕೆಲಸ ನಿರಾಕರಿಸುವಂತಿಲ್ಲ, ಗಿರಾಕಿ ಒಪ್ಪುವುದಿಲ್ಲ ಎಂಬುದು ಸಮರ್ಥನೆಯಾಗುವುದಿಲ್ಲ ಎಂದು. ವಿಧಾನಮಂಡಲದ ಮುಂದಿನ ಅಧಿವೇಶನದಲ್ಲಿ ಯಾವ ಪಕ್ಷದ ಶಾಸಕರಾದರೂ ಇದನ್ನು ಎತ್ತಿಕೊಳ್ಳಲಿ.