ಖರ್ಚಿಲ್ಲದ ಹಕ್ಕಿಯ ಲೆಕ್ಕಪತ್ರ

ಬೇಸಿಗೆಯ ರಜೆ ಬಂತೆಂದರೆ ಪುಣೆ ಕ್ಯಾಂಪಿನ ನಮ್ಮವರ ಮನೆಗಳಿಗೆ ಹೊಸ ಅತಿಥಿಗಳ ಆಗಮನವಾಗುತ್ತದೆ. ಮಗು ಪರೀಕ್ಷೆಯಲ್ಲಿ ಪಾಸಾದದ್ದು ಒಂದು ನೆಪ, ಹುಟ್ಟುಹಬ್ಬ ಇನ್ನೊಂದು ನೆಪ. ಸಂಜೆ ಮಾರ್ಕೆಟ್ಟಿಗೆ ಹೋದ ಯಜಮಾನರು ಒಂದು ಕೈಯಲ್ಲಿ ತರಕಾರಿಯ ಚೀಲ, ಇನ್ನೊಂದು ಕೈಯಲ್ಲಿ ಮೊಳ ಉದ್ದವೂ ಇಲ್ಲದ ತಂತಿಯ ಪಂಜರ ಹಿಡಿದುಕೊಂಡು ಬರುತ್ತಾರೆ. ಒಳಗೆ ಎರಡು ಹಕ್ಕಿ. ಒಂದು ಹಳದಿ, ಒಂದು ನೀಲಿ. ಪಂಜರವನ್ನು ಗ್ಯಾಲರಿಯ ಮೊಳೆಗೆ ತೂಗುಹಾಕಿ, ನೆರೆಯವರಿಗೆ "ಲವ್ ಬರ್ಡ್ಸ್" ಎಂದು ಪರಿಚಯ ಮಾಡಿಕೊಡುತ್ತಾರೆ. ಬೆಲೆ ಕೇಳಿದರೆ ಹೆಮ್ಮೆಯಿಂದ ಹೇಳುವುದು ಒಂದೇ ಮಾತು: "ಏನೂ ಖರ್ಚಿಲ್ಲರೀ. ಒಂದು ಮುಷ್ಟಿ ಕಾಳು, ಒಂದು ವಾಟಿ ನೀರು, ಮುಗೀತು."

ಮುಗಿಯುವುದೇನೋ ನಿಜ. ದಸರೆಯ ಹೊತ್ತಿಗೆ ಆ ಪಂಜರ ಬಹಳ ಸಲ ಖಾಲಿಯಾಗಿರುತ್ತದೆ. "ಅವು ಹಾಗೇ ರೀ, ಬಹಳ ದಿನ ಬದುಕೋದಿಲ್ಲ" ಎಂದು ಅದೇ ಯಜಮಾನರು ಸಮಾಧಾನ ಹೇಳುತ್ತಾರೆ. ಮಗು ಎರಡು ದಿನ ಅಳುತ್ತದೆ. ಮುಂದಿನ ಬೇಸಿಗೆಗೆ ಅದೇ ಪಂಜರದಲ್ಲಿ ಮತ್ತೊಂದು ಜೋಡಿ.

ಈ "ಖರ್ಚಿಲ್ಲ" ಎಂಬ ಮಾತಿನ ಮೇಲೆಯೇ ನನ್ನ ಜಗಳ. ಈ ಹಕ್ಕಿಗಳು ಬೇಗ ಸಾಯುವ ಜಾತಿಯವಲ್ಲ. ಸರಿಯಾಗಿ ನೋಡಿಕೊಂಡರೆ ಐದರಿಂದ ಎಂಟು ವರ್ಷ ಬದುಕುತ್ತವೆ. ಹತ್ತು ವರ್ಷ ದಾಟಿದವೂ ಉಂಟು. ಆರು ತಿಂಗಳಲ್ಲಿ ಸತ್ತರೆ ಅದಕ್ಕೆ ಆಯುಷ್ಯದ ಕೊರತೆಯೆಂದು ಹೇಳುವುದು ತಪ್ಪು. ಬಹುಮಟ್ಟಿಗೆ ನಾವೇ ಕೊಂದಿರುತ್ತೇವೆ. ಕಟುವಾಯಿತೇ? ಆಗಲಿ. ನಾನೂ ಕೊಂದವನೇ. ಆ ಮಾತು ಮುಂದೆ ಬರುತ್ತದೆ.

ಮೊದಲು ಹೆಸರನ್ನೇ ನೋಡಿ. ನಾವು ಲವ್ ಬರ್ಡ್ಸ್ ಎಂದು ತರುವ ಹಕ್ಕಿ ನಿಜವಾದ ಲವ್ ಬರ್ಡ್ ಅಲ್ಲವೇ ಅಲ್ಲ. ಆ ಹೆಸರಿನ ಗಿಡ್ಡ ಬಾಲದ ಗಿಣಿಗಳು ಆಫ್ರಿಕದವು. ನಮ್ಮ ಗ್ಯಾಲರಿಗೆ ಬರುವುದು ಹೆಚ್ಚಾಗಿ ಬಡ್ಜರಿಗಾರ್, ಅಂದರೆ ಬಡ್ಜಿ. ಇದರ ತವರು ಆಸ್ಟ್ರೇಲಿಯದ ಒಳನಾಡು. ಅಲ್ಲಿ ಇದು ಹಸಿರು ಮೈ, ಹಳದಿ ಮುಖದ ಹಕ್ಕಿ. ಹುಲ್ಲಿನ ಬೀಜ ಮತ್ತು ನೀರನ್ನು ಹುಡುಕುತ್ತ ಸಾವಿರಗಟ್ಟಲೆ ಹಿಂಡಾಗಿ ಊರೂರು ಅಲೆಯುತ್ತದೆ. ೧೮೪೦ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿಶಾಸ್ತ್ರಜ್ಞ ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ಒಯ್ದ. ಅಲ್ಲಿಂದ ಇದು ಮನೆಮನೆಯ ಪಂಜರ ಸೇರಿತು. ನೀಲಿ, ಬಿಳಿ, ಬೂದು ಬಣ್ಣಗಳೆಲ್ಲ ಪಂಜರದಲ್ಲಿ ಆಯ್ದು ಬೆಳೆಸಿದ ಬಣ್ಣಗಳು. ಮೂವತ್ತು ನಲವತ್ತು ಗ್ರಾಮು ತೂಗುವ ಈ ಜೀವಕ್ಕೆ ಹಾರುವುದೇ ಬದುಕು. ಅದನ್ನು ಒಂದು ಮೊಳದ ಪಂಜರದಲ್ಲಿ ಕೂಡಿಸಿ, ಎರಡೂ ಪಕ್ಕಪಕ್ಕ ಕುಳಿತಾಗ "ನೋಡಿ, ಎಷ್ಟು ಪ್ರೀತಿ" ಎನ್ನುತ್ತೇವೆ. ಬೇರೆ ಕಡೆ ಕೂಡಲು ಜಾಗವೆಲ್ಲಿದೆ?

ಪಂಜರದ ವಿಷಯದಲ್ಲಿ ಕಾನೂನು ಕೂಡ ಮಾತಾಡಿದೆ. ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ, ಒಳಗಿರುವ ಪ್ರಾಣಿ ತಕ್ಕಮಟ್ಟಿಗೆ ಓಡಾಡಲು ಉದ್ದ, ಅಗಲ, ಎತ್ತರ ಸಾಲದ ಪಂಜರದಲ್ಲಿ ಅದನ್ನಿಡುವುದು ಅಪರಾಧ. ಒಂದು ಜೋಡಿ ಬಡ್ಜಿಗೆ ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಪಂಜರ ಬೇಕು, ಇದು ಕನಿಷ್ಠ. ಎತ್ತರಕ್ಕಿಂತ ಉದ್ದ ಮುಖ್ಯ, ಏಕೆಂದರೆ ಹಕ್ಕಿ ಅಡ್ಡ ಹಾರುತ್ತದೆ, ಲಿಫ್ಟಿನಂತೆ ಮೇಲೆ ಕೆಳಗೆ ಹೋಗುವುದಿಲ್ಲ. ಅಂಗಡಿಯಲ್ಲಿ ಗೋಪುರದಂತೆ ಕಾಣುವ ದುಂಡನೆಯ ಪಂಜರ ನಮ್ಮ ಕಣ್ಣಿಗೆ ಚೆಂದ, ಹಕ್ಕಿಗೆ ಬಾವಿ. ಇಷ್ಟು ದೊಡ್ಡ ಪಂಜರಕ್ಕೆ ಹಕ್ಕಿಗಿಂತ ಎಷ್ಟೋ ಪಟ್ಟು ಹೆಚ್ಚು ಬೆಲೆ. "ಖರ್ಚಿಲ್ಲ" ಎಂಬ ಮಾತು ಇಲ್ಲಿಗೇ ಸುಳ್ಳಾಯಿತು.

ಇನ್ನು ಒಂದು ಮುಷ್ಟಿ ಕಾಳಿನ ವಿಚಾರ. ಅಂಗಡಿಯವರು ಕಾಂಗಣಿ ಎಂದು ಕೊಡುವುದು, ಮರಾಠಿಯವರು ರಾಳೆ ಎನ್ನುವುದು, ನಮ್ಮ ಕಡೆಯ ನವಣೆಯೇ. ಒಳ್ಳೆಯ ಧಾನ್ಯ, ಸಂಶಯವಿಲ್ಲ. ಆದರೆ ವರ್ಷಪೂರ್ತಿ ಬರೀ ನವಣೆ ತಿನ್ನುವ ಹಕ್ಕಿಗೆ ಎ ಜೀವಸತ್ವದ ಕೊರತೆಯಾಗುತ್ತದೆ, ಅಯೋಡಿನ್ ಸಾಲದೆ ಗಂಟಲಲ್ಲಿ ಗಂಟು ಬೆಳೆಯಬಹುದು, ಕೊಬ್ಬು ಸೇರಿ ಯಕೃತ್ತು ಕೆಡಬಹುದು. ನಾವು ಮೂರು ಹೊತ್ತೂ ಬರೀ ರೊಟ್ಟಿ ತಿಂದು ಬಾಳಿದಂತೆ. ಕೊತ್ತಂಬರಿ, ಪಾಲಕ್, ಮೆಂತ್ಯ ಸೊಪ್ಪು, ತುರಿದ ಗಜ್ಜರಿ ದಿನಕ್ಕಿಷ್ಟು ಬೇಕು. ಚೆನ್ನಾಗಿ ತೊಳೆದು ಕೊಡಬೇಕು. ಸುಣ್ಣದ ಅಂಶಕ್ಕೆ ಸಮುದ್ರನೊರೆಯ ತುಂಡೊಂದನ್ನು ಸರಳಿಗೆ ಸಿಕ್ಕಿಸಬೇಕು. ಉಪ್ಪಿನ ಚಿವಡಾ, ಚಹಾದಲ್ಲಿ ಅದ್ದಿದ ಬಿಸ್ಕೀಟು, ಚಾಕಲೇಟು ಇವನ್ನು ಮುದ್ದಿಗಾಗಿ ತಿನ್ನಿಸುವವರನ್ನು ನಾನು ಕಂಡಿದ್ದೇನೆ. ಚಾಕಲೇಟು ಮತ್ತು ಅವಕಾಡೊ ಅಂತೂ ಹಕ್ಕಿಗೆ ವಿಷ. ಕಾಳಿನ ಬಟ್ಟಲು ತುಂಬಿದೆಯೆಂದು ಮೋಸ ಹೋಗಬೇಡಿ. ಬಡ್ಜಿ ಸಿಪ್ಪೆ ಸುಲಿದು ಅಲ್ಲೇ ಬಿಡುತ್ತದೆ. ತುಂಬಿದ ಬಟ್ಟಲಿನ ಮುಂದೆ ಹಸಿದು ಸತ್ತ ಹಕ್ಕಿಗಳುಂಟು. ದಿನಾ ಊದಿ ನೋಡಬೇಕು.

ಮತ್ತೊಂದು ದುರಾಶೆ ಮಡಕೆಯದು. ಅಂಗಡಿಯವನು ಪಂಜರದ ಜೊತೆಗೆ ಸಣ್ಣದೊಂದು ಮಣ್ಣಿನ ಮಡಕೆಯನ್ನೂ ಕೊಡುತ್ತಾನೆ. "ಮರಿ ಹಾಕುತ್ತವೆ ಸಾಹೇಬ್" ಎಂದು ಆಸೆ ಹುಟ್ಟಿಸುತ್ತಾನೆ. ಮಡಕೆ ಕಂಡೊಡನೆ ಹೆಣ್ಣಿಗೆ ಮೊಟ್ಟೆ ಇಡುವ ಉಮೇದು ಬರುತ್ತದೆ. ಒಂದು ಸಲಕ್ಕೆ ನಾಲ್ಕಾರು ಮೊಟ್ಟೆ. ಮಡಕೆ ಅಲ್ಲೇ ಇದ್ದರೆ ಒಂದರ ಹಿಂದೆ ಒಂದು ಬಾಣಂತನ. ಬರೀ ನವಣೆ ತಿಂದ ಹೆಣ್ಣಿನ ಮೈಯಲ್ಲಿ ಸುಣ್ಣ ಉಳಿಯುವುದಿಲ್ಲ. ಕೊನೆಗೆ ಮೊಟ್ಟೆ ಹೊರಬರದೆ ಸಿಕ್ಕಿಹಾಕಿಕೊಂಡು ಪ್ರಾಣ ಬಿಡುತ್ತದೆ. ಹುಟ್ಟಿದ ಮರಿಗಳಿಗೆ ಮನೆ ಹುಡುಕುವವರು ಯಾರು? ಮಡಕೆಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಈಗ ನನ್ನ ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ ಮೊಮ್ಮಗಳಿಗಾಗಿ ನಾನೂ ಒಂದು ಜೋಡಿ ತಂದೆ. ಡಿಸೆಂಬರಿನ ಚಳಿ, ಗ್ಯಾಲರಿಯಲ್ಲಿ ಗಾಳಿ ಬಡಿಯುತ್ತದೆಂದು ಪಂಜರವನ್ನು ಅಡಿಗೆಮನೆಯ ಕಿಟಕಿಗೆ ತೂಗುಹಾಕಿದೆ. ಬೆಚ್ಚಗಿರುತ್ತದೆಂಬ ಜಾಣತನ. ಒಂದು ಬೆಳಿಗ್ಗೆ ದೋಸೆಗೆಂದು ನಾನ್‌ಸ್ಟಿಕ್ ತವಾ ಒಲೆಯ ಮೇಲಿಟ್ಟೆವು. ಅಷ್ಟರಲ್ಲಿ ಊರಿನಿಂದ ಫೋನು ಬಂತು. ಮಾತು ಬೆಳೆಯಿತು, ಬರಿದಾದ ತವಾ ಕಾಯುತ್ತಲೇ ಇತ್ತು. ಕಣ್ಣಿಗೆ ಕಾಣುವಂಥ ಹೊಗೆಯೂ ಇರಲಿಲ್ಲ. ಅರ್ಧ ಗಂಟೆ ಕಳೆದು ನೋಡಿದರೆ ಎರಡು ಹಕ್ಕಿಗಳೂ ಪಂಜರದ ತಳದಲ್ಲಿ ಬಿದ್ದಿದ್ದವು. ಆ ತವಾದ ಲೇಪ ಅತಿಯಾಗಿ ಕಾದರೆ ಬಿಡುವ ಅನಿಲ ಹಕ್ಕಿಗಳ ಪುಪ್ಪುಸವನ್ನು ಸುಟ್ಟುಬಿಡುತ್ತದೆಂದು ಆಮೇಲೆ ತಿಳಿಯಿತು. ಹಕ್ಕಿಯ ಉಸಿರಾಟ ನಮ್ಮದಕ್ಕಿಂತ ಬಹಳ ಚುರುಕು. ಗಾಳಿಯಲ್ಲಿರುವ ವಿಷವನ್ನೂ ಅಷ್ಟೇ ಚುರುಕಾಗಿ ಎಳೆದುಕೊಳ್ಳುತ್ತದೆ. ಹಿಂದೆ ಕಲ್ಲಿದ್ದಲ ಗಣಿಗಳಲ್ಲಿ ಕ್ಯಾನರಿ ಹಕ್ಕಿಯನ್ನು ಒಯ್ಯುತ್ತಿದ್ದುದು ಇದೇ ಕಾರಣಕ್ಕೆ. ನಮ್ಮ ಮನೆಗಳ ಊದಿನಕಡ್ಡಿ, ಸೊಳ್ಳೆ ಬತ್ತಿ, ಜಿರಲೆಗೆ ಹೊಡೆಯುವ ಸ್ಪ್ರೇ, ದೀಪಾವಳಿಯ ಪಟಾಕಿ ಎಲ್ಲವೂ ಈ ಲೆಕ್ಕಕ್ಕೆ ಸೇರಬೇಕು. "ಅಜ್ಜಾ, ದೋಸೆ ತಿಂದದ್ದಕ್ಕೆ ಸತ್ತವಾ?" ಎಂದು ಮೊಮ್ಮಗಳು ಕೇಳಿದಳು. ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ.

ಇಷ್ಟು ಕೇಳಿ ಕೆಲವರು ಇನ್ನೊಂದು ತುದಿಗೆ ಜಿಗಿಯುತ್ತಾರೆ: "ಹಾಗಾದರೆ ಪಂಜರದ ಬಾಗಿಲು ತೆಗೆದುಬಿಡಿ, ಪುಣ್ಯ ಬರುತ್ತದೆ." ಹಬ್ಬದ ದಿನ ಹಕ್ಕಿ ಬಿಟ್ಟು ಕೈಮುಗಿಯುವವರೂ ಇದ್ದಾರೆ. ೨೦೧೫ರಲ್ಲಿ ದೆಹಲಿ ಹೈಕೋರ್ಟು ಒಂದು ಪ್ರಕರಣದಲ್ಲಿ, ಹಕ್ಕಿಗೆ ಆಕಾಶದಲ್ಲಿ ಹಾರುವ ಹಕ್ಕುಂಟು, ಅದನ್ನು ಪಂಜರದಲ್ಲಿಡುವ ಹಕ್ಕು ಮನುಷ್ಯನಿಗಿಲ್ಲ ಎಂಬ ಅಭಿಪ್ರಾಯ ತಿಳಿಸಿತು. ಆ ಮಾತಿನ ಹಿಂದಿನ ಕರುಣೆಗೆ ನನ್ನ ನಮಸ್ಕಾರ. ಆದರೆ ಈ ಬಡ್ಜಿ ಯಾವ ಆಕಾಶಕ್ಕೆ ಸೇರಿದ್ದು? ಅದರ ಅಜ್ಜ ಮುತ್ತಜ್ಜಂದಿರೂ ಪಂಜರದಲ್ಲೇ ಹುಟ್ಟಿದವರು. ಪುಣೆಯಲ್ಲಿ ಎಲ್ಲಿ ಕಾಳು, ಎಲ್ಲಿ ನೀರು, ಯಾವುದು ಶತ್ರು ಎಂಬುದನ್ನು ಅದಕ್ಕೆ ಕಲಿಸಿದವರಿಲ್ಲ. ಹಳದಿ ಬಣ್ಣದ ಹಕ್ಕಿ ಬಯಲಿನಲ್ಲಿ ಕಂಡೊಡನೆ ಕಾಗೆ, ಹದ್ದುಗಳಿಗೆ ಹಬ್ಬ. ಗಿಣಿಯಂತೆ ಸಾಕಿ ಗಿಡುಗನ ಕೈಗೆ ಕೊಟ್ಟಂತೆ ಎಂಬ ನಮ್ಮ ಗಾದೆಯನ್ನು ಅಕ್ಷರಶಃ ಮಾಡಿ ತೋರಿಸಿದಂತಾಯಿತು. ಹೀಗೆ ಬಿಟ್ಟ ಹಕ್ಕಿಗೆ ಪುಣ್ಯದ ಹೆಸರಿನಲ್ಲಿ ಮರಣದಂಡನೆ, ಬಿಟ್ಟವರಿಗೆ ಶುಚಿಯಾದ ಗ್ಯಾಲರಿ.

ನಮ್ಮ ನಾಡಿನ ಹಸಿರು ಗಿಣಿಯ ಮಾತು ಬೇರೆ, ಮತ್ತು ಅದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಕೊರಳಲ್ಲಿ ಗುಲಾಬಿ ಪಟ್ಟಿಯ ಆ ಗಿಣಿ ನಮ್ಮ ಮರಗಳದ್ದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಅದಕ್ಕಿದೆ. ಅದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಡುವುದು ಮೂರೂ ಅಪರಾಧ. ದಂಡವೂ ಉಂಟು, ಸೆರೆಮನೆಯೂ ಉಂಟು. "ನಮ್ಮ ಅಜ್ಜಿಯ ಕಾಲದಿಂದ ಸಾಕುತ್ತಿದ್ದೇವೆ, ರಾಮ ರಾಮ ಎನ್ನುತ್ತದೆ" ಎಂಬ ಸಮಜಾಯಿಷಿ ನಡೆಯುವುದಿಲ್ಲ. ಗಿಣಿಶಾಸ್ತ್ರದವನ ಪೆಟ್ಟಿಗೆಯೊಳಗಿನದೂ ಇದೇ ಕಳವಿನ ಮಾಲು. ವಿದೇಶೀ ಗಿಣಿಗಳಲ್ಲಿಯೂ ಎಲ್ಲವೂ ಒಂದೇ ಅಲ್ಲ. ಬಡ್ಜಿ, ಕಾಕಟೀಲ್, ಗುಲಾಬಿ ಮುಖದ ಲವ್ ಬರ್ಡ್ ಇವು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಿಂದ ಹೊರಗಿವೆ. ಉಳಿದ ಲವ್ ಬರ್ಡ್ ಜಾತಿಗಳು, ದೊಡ್ಡ ಮಕಾವ್‌ಗಳು, ಆಫ್ರಿಕದ ಬೂದು ಗಿಣಿ ಇವೆಲ್ಲ ಪಟ್ಟಿಯೊಳಗಿವೆ. ೨೦೨೪ರ ನಿಯಮಗಳಂತೆ ಅಂಥವನ್ನು ಸಾಕಿದವರು ಸರಕಾರದಲ್ಲಿ ನೋಂದಾಯಿಸಬೇಕು. ಮಾರುವ ಅಂಗಡಿಗಳೂ ೨೦೧೮ರ ನಿಯಮಗಳಂತೆ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿಕೊಂಡಿರಬೇಕು. ಹತ್ತು ರೂಪಾಯಿ ಕೊತ್ತಂಬರಿಗೆ ಚೌಕಾಸಿ ಮಾಡುವ ನಾವು ಅಂಗಡಿಯವನಿಗೆ ನೋಂದಣಿ ಪತ್ರ ತೋರಿಸೆಂದು ಕೇಳುವುದಿಲ್ಲ. ಮರಾಠಿಯವರು ಮೋಸಹೋದವನಿಗೆ "ಪೋಪಟ್ ಝಾಲಾ" ಎಂದು ನಗುತ್ತಾರೆ. ಇಲ್ಲಿ ಪೋಪಟ್ ಆದದ್ದು ಹಕ್ಕಿಯಲ್ಲ, ಕೊಂಡವರು.

ಹಾಗಾದರೆ ಸಾಕಲೇಬಾರದೇ ಎಂದು ಕೇಳುವಿರಿ. ಹೊಸದಾಗಿ ಕೊಳ್ಳಬೇಡಿರೆಂದೇ ನನ್ನ ಬಿನ್ನಹ. ಕೊಳ್ಳುವವರು ಇರುವವರೆಗೆ ಕತ್ತಲೆಯ ಕೋಣೆಗಳಲ್ಲಿ ಮಡಕೆ ಕಟ್ಟಿ ಮರಿ ಮಾಡಿಸುವವರೂ ಇರುತ್ತಾರೆ. ಆದರೆ ಈಗಾಗಲೇ ಮನೆಗೆ ಬಂದ ಹಕ್ಕಿ ನಮ್ಮ ಸಾಲ. ಅದನ್ನು ಕೊನೆಯವರೆಗೆ ತೀರಿಸಬೇಕು. ದೊಡ್ಡ ಪಂಜರ ಮಾಡಿಸಿ. ಒಂದೇ ದಪ್ಪದ ಪ್ಲಾಸ್ಟಿಕ್ ಕೋಲು ತೆಗೆದು ಬೇವಿನ, ಪೇರಲದ ಕೊಂಬೆಗಳನ್ನು ಅಡ್ಡ ಕಟ್ಟಿ. ಅವಕ್ಕೆ ಕಾಲೂ ನೋಯುವುದಿಲ್ಲ, ಕಚ್ಚಲು ಕೆಲಸವೂ ಸಿಗುತ್ತದೆ. ದಿನಕ್ಕೊಂದು ಗಂಟೆಯಾದರೂ ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಕೋಣೆಯಲ್ಲಿ ಹಾರಲು ಬಿಡಿ. ಒಂಟಿ ಹಕ್ಕಿಗೆ ಕನ್ನಡಿ ಕಟ್ಟಿ ಸಂಗಾತಿಯೆಂದು ನಂಬಿಸುವುದು ಬಿಡಿ. ರಾತ್ರಿ ಹನ್ನೊಂದರವರೆಗೆ ಟಿವಿಯ ಪಕ್ಕದಲ್ಲಿ ಕೂಡಿಸಬೇಡಿ. ಅದಕ್ಕೆ ಹತ್ತು ಹನ್ನೆರಡು ಗಂಟೆಯ ಕತ್ತಲೆ, ನಿದ್ದೆ ಬೇಕು. ತಳದ ಕಾಗದ ದಿನಾ ಬದಲಿಸಿ, ಹಿಕ್ಕೆಯ ಧೂಳು ಏಳದಂತೆ ಒದ್ದೆ ಬಟ್ಟೆಯಿಂದ ಒರೆಸಿ. ಗಿಣಿಜ್ವರ ಮನುಷ್ಯರಿಗೂ ತಗಲುವ ರೋಗ. ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ಸುಮ್ಮನೆ ಕುಳಿತ ಹಕ್ಕಿಯನ್ನು "ಚಳಿಯಾಗಿದೆ" ಎಂದು ತಳ್ಳಿಹಾಕಬೇಡಿ. ಹಕ್ಕಿ ತನ್ನ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ನಮಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ; ಅದೇ ದಿನ ಹಕ್ಕಿ ಬಲ್ಲ ಡಾಕ್ಟರರ ಬಳಿ ಒಯ್ಯಿರಿ. ಆ ಡಾಕ್ಟರರ ಫೀಸು ಹಕ್ಕಿಯ ಬೆಲೆಗಿಂತ ಹೆಚ್ಚಾಗುತ್ತದೆ. ಅದನ್ನು ಕೊಡಲು ಮನಸ್ಸಿಲ್ಲದವರು ಮೊದಲೇ ತರಬಾರದಿತ್ತು.

ಮಕ್ಕಳಿಗೆ ಹಕ್ಕಿ ಬೇಕೆಂದರೆ ಒಂದು ಭಾನುವಾರ ಬೆಳಿಗ್ಗೆ ಬೇಗ ಎಬ್ಬಿಸಿ ಎಂಪ್ರೆಸ್ ಗಾರ್ಡನ್ನಿಗೆ ಕರೆದೊಯ್ಯಿರಿ. ಕ್ಯಾಂಪಿನಿಂದ ದೂರವೇನಿಲ್ಲ. ಹಳೆಯ ಮರಗಳ ಪೊಟರೆಗಳಿಂದ ಹಸಿರು ಗಿಣಿಗಳು ಕಿರುಚಿಕೊಂಡು ಹೊರಡುವುದನ್ನು ನೋಡಲಿ. ಅದಕ್ಕೆ ನಿಜವಾಗಿಯೂ ಹೆಚ್ಚು ಖರ್ಚಿಲ್ಲ.

ನಮ್ಮ ಮನೆಯಲ್ಲಿ ಈಗ ಮತ್ತೆ ಎರಡು ಹಕ್ಕಿಗಳಿವೆ. ಕೊಂಡು ತಂದವಲ್ಲ. ವರ್ಗವಾಗಿ ಬೆಂಗಳೂರಿಗೆ ಹೊರಟ ನೆರೆಯವರು ಅವನ್ನು ತೋಟಕ್ಕೆ ಬಿಡಲು ಹೊರಟಿದ್ದರು. ನಾನು ಕೇಳಿ ಇಸಿದುಕೊಂಡೆ. ಐದು ವರ್ಷವಾಯಿತು. ನಾನ್‌ಸ್ಟಿಕ್ ತವಾ ಮನೆಯಿಂದ ಹೋಗಿ ಕಬ್ಬಿಣದ ಹಂಚು ಬಂದಿದೆ. ದೋಸೆ ಮೊದಲು ಅಂಟುತ್ತಿತ್ತು, ಈಗ ಏಳುತ್ತದೆ. ನಸುಕಿನಲ್ಲಿ ಪಂಜರದ ಮೇಲಿನ ಬಟ್ಟೆ ಸರಿಸುವುದು ಮೊಮ್ಮಗಳ ಕೆಲಸ, ಕಾಳಿನ ಸಿಪ್ಪೆ ಊದುವುದು ನನ್ನ ಕೆಲಸ. ತಿಂಗಳ ಖರ್ಚನ್ನು ನಾನು ಬರೆದಿಡುತ್ತೇನೆ. ಬೇಕಾದವರು ಬಂದು ಆ ವಹಿಯನ್ನು ನೋಡಬಹುದು. ನೋಡಿದ ಮೇಲೂ ಕೊಳ್ಳುವ ಮನಸ್ಸಿದ್ದರೆ, ಮೊದಲು ಪಂಜರ ಕೊಳ್ಳಿ. ಅದನ್ನು ಒಂದು ತಿಂಗಳು ಖಾಲಿ ಇಟ್ಟು ದಿನಾ ಕಾಗದ ಬದಲಿಸಿ, ನೀರು ಬದಲಿಸಿ ನೋಡಿ. ಬೇಸರ ಬಂದರೆ ಹಕ್ಕಿ ಉಳಿಯಿತು.