ಕಾಣದ ಅನಿಲಕ್ಕೆ ಕಾಣುವ ಬಿಲ್ಲು ಬೇಕು

ಹವಾನಿಯಂತ್ರಣ ಯಂತ್ರವನ್ನು ಕೊಳ್ಳುವಾಗ ನಮ್ಮ ಮಧ್ಯಮ ವರ್ಗ ಎರಡು ಲೆಕ್ಕಗಳನ್ನು ಹಾಕುತ್ತದೆ. ಒಂದು ಯಂತ್ರದ ಬೆಲೆ, ಇನ್ನೊಂದು ವಿದ್ಯುತ್ ಬಿಲ್ಲು. ಬೆಲೆಗೆ ಕಂತಿನ ಸೌಲಭ್ಯವಿದೆ. ವಿದ್ಯುತ್ತಿನ ಅಂದಾಜಿಗೆ ಯಂತ್ರದ ಮೇಲೆಯೇ ನಕ್ಷತ್ರಗಳ ಚೀಟಿ ಇದೆ. ದುರಸ್ತಿಯ ವೆಚ್ಚ ಎಂಬ ಮೂರನೆಯ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಹಾಕಬೇಕೆಂದರೂ ಅದಕ್ಕೆ ಬೇಕಾದ ಮಾಹಿತಿ ಅಂಗಡಿಯಲ್ಲಾಗಲಿ ಕೈಪಿಡಿಯಲ್ಲಾಗಲಿ ಸಿಗುವುದಿಲ್ಲ.

ಇದನ್ನು ಉಳ್ಳವರ ಗೊಣಗಾಟವೆಂದು ತಳ್ಳಿಹಾಕುವ ಕಾಲ ಕಳೆದಿದೆ. ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಫ್ಯಾನ್ ಕೂಡ ಅನಿವಾರ್ಯವಾಗಿರಲಿಲ್ಲ. ಅದೇ ನಗರ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಸೆಲ್ಸಿಯಸ್ ಕಂಡಿತು. ಈಗ ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳ ಗೋಡೆಗಳಲ್ಲೂ ಎ.ಸಿ.ಗಳು ತೂಗಾಡುತ್ತಿವೆ. ಇತ್ತ ಯಲಬುರ್ಗಾದಿಂದ ಬೇರ್ಪಟ್ಟು ತಾಲ್ಲೂಕು ಕೇಂದ್ರವಾದ ಕುಕನೂರಿನಲ್ಲಿ ಬಿಸಿಲು ಹೊಸ ಸುದ್ದಿಯೇನಲ್ಲ. ಕೊಪ್ಪಳವೂ ಸೇರಿದ ಕಲಬುರಗಿ ವಿಭಾಗದಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಚೇರಿ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಮೂಲಕ ಸರ್ಕಾರವೇ ಆ ಬಿಸಿಲನ್ನು ಒಪ್ಪಿಕೊಂಡಿದೆ. ಅಲ್ಲಿನ ಮಣ್ಣಿನ ಮಾಳಿಗೆಯ ಮನೆಗಳು ಮಧ್ಯಾಹ್ನದ ಕಾವನ್ನು ಹೊರಗೇ ತಡೆಯುತ್ತಿದ್ದವು. ಅವುಗಳ ಜಾಗಕ್ಕೆ ಬಂದ ಕಾಂಕ್ರೀಟ್ ಛಾವಣಿ ಹಗಲಿಡೀ ಕಾದು, ರಾತ್ರಿ ಆ ಕಾವನ್ನು ಮಲಗಿದವರ ಮೇಲೆ ಸುರಿಯುತ್ತದೆ. ಹೃದ್ರೋಗಿಯಾದ ನಿವೃತ್ತ ಶಿಕ್ಷಕರಿಗೆ, ಬಾಣಂತಿ ಇರುವ ಮನೆಗೆ, ಔಷಧಿಗಳನ್ನು ತಂಪಾಗಿಡಬೇಕಾದ ಸಣ್ಣ ದವಾಖಾನೆಗೆ ಎ.ಸಿ. ಇಂದು ಭೋಗವಸ್ತುವಲ್ಲ.

ಬೆಂಗಳೂರಿನ ಯಂತ್ರ ಎರಡು ತಿಂಗಳು ದುಡಿದು ಹತ್ತು ತಿಂಗಳು ಸುಮ್ಮನಿರುತ್ತದೆ. ಕುಕನೂರಿನದು ಎರೆಭೂಮಿಯ ದೂಳು ತಿಂದು, ವೋಲ್ಟೇಜ್‌ನ ಏರಿಳಿತಕ್ಕೆ ಸಿಕ್ಕಿ ಸೊರಗುತ್ತದೆ. ಕಾಯಿಲೆಗಳು ಬೇರೆಯಾದರೂ ಎರಡೂ ಕಡೆ ಕೇಳಿಬರುವ ರೋಗನಿದಾನ ಮಾತ್ರ ಒಂದೇ: ‘ಗ್ಯಾಸ್ ಖಾಲಿ ಆಗೈತ್ರಿ, ತುಂಬಿಸಬೇಕ್ರಿ.’

ಈ ಒಂದು ವಾಕ್ಯವನ್ನು ಓದುಗರು ಸ್ವಲ್ಪ ನಿಧಾನವಾಗಿ ಪರಿಶೀಲಿಸಬೇಕು. ಅಡುಗೆ ಅನಿಲದಂತೆ ಎ.ಸಿ.ಯ ಅನಿಲ ಉರಿದು ತೀರುವುದಿಲ್ಲ. ಮುಚ್ಚಿದ ತಾಮ್ರದ ಕೊಳವೆಗಳಲ್ಲಿ ಅದು ಆವಿಯಾಗಿ, ಮತ್ತೆ ದ್ರವವಾಗಿ ಸುತ್ತುತ್ತಲೇ ಇರುತ್ತದೆ. ಯಂತ್ರದ ಆಯುಸ್ಸು ಮುಗಿಯುವವರೆಗೂ ಅದು ಕಡಿಮೆಯಾಗಬಾರದು. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ. ಮೊದಲು ನೈಟ್ರೋಜನ್ ಒತ್ತಡ ಕೊಟ್ಟು, ಸಾಬೂನಿನ ನೀರು ಹಚ್ಚಿ ಸೋರಿಕೆಯ ಜಾಗ ಹುಡುಕಬೇಕು. ಅಲ್ಲಿ ಬೆಸುಗೆ ಹಾಕಬೇಕು ಅಥವಾ ನಟ್ಟು ಬಿಗಿಯಬೇಕು. ನಂತರ ಪಂಪ್‌ನಿಂದ ಕೊಳವೆಯೊಳಗಿನ ಗಾಳಿ ಮತ್ತು ತೇವವನ್ನು ಹೊರಗೆಳೆದು, ಹೊರಘಟಕದ ಫಲಕದಲ್ಲಿ ನಮೂದಾಗಿರುವಷ್ಟೇ ಅನಿಲವನ್ನು ತೂಕ ಮಾಡಿ ತುಂಬಬೇಕು. ಸೋರಿಕೆ ಮುಚ್ಚದೆ ಅನಿಲ ತುಂಬುವುದು ತೂತು ಬಿದ್ದ ಕೊಡಕ್ಕೆ ನೀರು ಹೊಯ್ದು ಹಣ ಪಡೆದಂತೆ. ಕುಕನೂರಿನ ನನ್ನ ಬಂಧುಗಳೊಬ್ಬರ ಮನೆಯಲ್ಲಿ ಒಂದೇ ಬೇಸಿಗೆಯಲ್ಲಿ ಎರಡು ಬಾರಿ ಅನಿಲ ತುಂಬಲಾಯಿತು. ಮೂರನೆಯ ಬಾರಿ ಬಂದ ಹುಡುಗ ಹೊರಘಟಕದ ಒಂದು ನಟ್ಟನ್ನು ಬಿಗಿ ಮಾಡಿದ. ಅಲ್ಲಿಗೆ ತೊಂದರೆ ತೀರಿತು. ಮೊದಲೆರಡು ಭೇಟಿಗಳಿಗೆ ತೆತ್ತ ಹಣಕ್ಕೆ ರಸೀದಿಯೂ ಇರಲಿಲ್ಲ.

ತಂಪು ಕಡಿಮೆಯಾಗಲು ಜಾಳಿಗೆಯಲ್ಲಿ ಕಟ್ಟಿದ ದೂಳೂ ಸಾಕು. ಕೆಲವು ನೂರು ರೂಪಾಯಿಯ ಕೆಪಾಸಿಟರ್ ಕೆಟ್ಟರೂ ಸಾಕು. ಆದರೆ ಮನೆಯವರಿಗೆ ಇದ್ಯಾವುದೂ ಕಾಣುವುದಿಲ್ಲ. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಮಾರುಕಟ್ಟೆ ಹೇಗೆ ಹದಗೆಡುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲೇ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದರು. 2001ರಲ್ಲಿ ಅವರಿಗೆ ಇನ್ನಿಬ್ಬರೊಂದಿಗೆ ನೊಬೆಲ್ ಸಂದಿತು. ಅಂಥ ಮಾರುಕಟ್ಟೆಯಲ್ಲಿ ಪ್ರಾಮಾಣಿಕನಿಗೆ ಉಳಿಗಾಲವಿಲ್ಲ. ಒಂದು ಗಂಟೆ ಸೋರಿಕೆ ಹುಡುಕುವ ಮೆಕ್ಯಾನಿಕ್ ಹತ್ತು ನಿಮಿಷದಲ್ಲಿ ಅನಿಲ ತುಂಬಿ ಹೋಗುವವನಿಗಿಂತ ದುಬಾರಿಯವನಾಗಿ ಕಾಣುತ್ತಾನೆ. ಮನೆಯವರೂ ಅಗ್ಗದವನನ್ನೇ ಮತ್ತೆ ಕರೆಯುತ್ತಾರೆ.

ನಷ್ಟ ಜೇಬಿಗೆ ಮಾತ್ರವಲ್ಲ. ಇಂದಿನ ಮನೆಬಳಕೆಯ ಎ.ಸಿ.ಗಳಲ್ಲಿ ಹೆಚ್ಚಾಗಿರುವ ಆರ್-32 ಅನಿಲ ಅದೇ ತೂಕದ ಇಂಗಾಲದ ಡೈ ಆಕ್ಸೈಡ್‌ಗಿಂತ ಸುಮಾರು 675 ಪಟ್ಟು ಭೂಮಿಯನ್ನು ಬಿಸಿಮಾಡುತ್ತದೆ. ಆರ್-410ಎ ಎರಡು ಸಾವಿರ ಪಟ್ಟಿಗೂ ಹೆಚ್ಚು. ಕೋಣೆಯ ತಂಪಿಗಾಗಿ ಊರಿನ ಕಾವು ಹೆಚ್ಚಿಸುವ ಈ ವ್ಯವಹಾರಕ್ಕೆ ನಾವು ಪ್ರತಿ ವರ್ಷ ಹಣವನ್ನೂ ಕೊಡುತ್ತಿದ್ದೇವೆ.

ಕಾನೂನು ಇಲ್ಲವೇ? ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಒದಗಿಸಿದ ಸೇವೆಗೆ ಬಿಲ್ಲು ನೀಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ದುರಸ್ತಿಯ ಹಕ್ಕು’ ಜಾಲತಾಣವನ್ನೂ ಆರಂಭಿಸಿತು. ಆದರೆ ಬಿಲ್ಲಿನಲ್ಲಿ ‘ಗ್ಯಾಸ್ ಚಾರ್ಜಿಂಗ್’ ಎಂಬ ಎರಡೇ ಪದ ಬರೆದು ಒಂದು ಮೊತ್ತ ನಮೂದಿಸಿದರೆ ಗ್ರಾಹಕ ಆಯೋಗದ ಮುಂದೆ ಯಾವುದನ್ನು ಸಾಬೀತುಪಡಿಸುವುದು? ಕಂಪ್ರೆಸರ್‌ಗೆ ಹತ್ತು ವರ್ಷದ ವಾರಂಟಿ ಎಂಬ ದೊಡ್ಡ ಅಕ್ಷರಗಳ ಕೆಳಗೆ ಅನಿಲ, ಕೂಲಿ, ಸಾಗಣೆ ಅನ್ವಯಿಸುವುದಿಲ್ಲ ಎಂಬ ಸಣ್ಣ ಅಕ್ಷರಗಳಿರುವುದು ಸಾಮಾನ್ಯ.

ತೆರಿಗೆ ನೀತಿಯೂ ದುರಸ್ತಿಯ ಪರವಾಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ಹೊಸ ಎ.ಸಿ.ಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಸ್ವಾಗತಾರ್ಹವೇ. ಆದರೆ ದುರಸ್ತಿ ಸೇವೆಯ ಮೇಲಿನ ಶೇ 18 ಹಾಗೆಯೇ ಉಳಿಯಿತು. ಹಳೆಯದನ್ನು ಸರಿಪಡಿಸಿಕೊಳ್ಳುವವನಿಗಿಂತ ಹೊಸದನ್ನು ಕೊಳ್ಳುವವನಿಗೆ ಸರ್ಕಾರ ಹೆಚ್ಚು ಉದಾರವಾಗಿದೆ.

ಮೆಕ್ಯಾನಿಕ್‌ಗಳನ್ನು ಖಳನಾಯಕರನ್ನಾಗಿ ಮಾಡುವುದು ನನ್ನ ಉದ್ದೇಶವಲ್ಲ. ಉರಿಬಿಸಿಲಿನಲ್ಲಿ ಗೋಡೆಯ ಅಂಚಿಗೆ ಜೋತುಬಿದ್ದು ಕೆಲಸ ಮಾಡುವ ಆ ಹುಡುಗರಿಗೆ ಸುರಕ್ಷಾ ಪಟ್ಟಿಯೂ ಇರುವುದಿಲ್ಲ. ವರ್ಷದ ದುಡಿಮೆಯ ಬಹುಪಾಲನ್ನು ಮೂರು ತಿಂಗಳ ಬೇಸಿಗೆಯಲ್ಲೇ ಗಳಿಸಬೇಕು. ಆರ್-32 ಬೆಂಕಿ ಹೊತ್ತಿಕೊಳ್ಳಬಲ್ಲ ಅನಿಲವೆಂಬುದನ್ನು ಅವರಿಗೆ ಯಾರಾದರೂ ಕಲಿಸಿರಬೇಕಲ್ಲವೇ? ಅಮೆರಿಕದಲ್ಲಿ ಪ್ರಮಾಣಪತ್ರವಿಲ್ಲದವನು ಶೈತ್ಯಕಾರಕ ಅನಿಲವನ್ನು ಖರೀದಿಸುವಂತೆಯೇ ಇಲ್ಲ. ನಮ್ಮಲ್ಲಿ ಅಂಥ ಕಡ್ಡಾಯವಿಲ್ಲ. 2019ರ ಭಾರತ ಶೀತಲೀಕರಣ ಕ್ರಿಯಾ ಯೋಜನೆ 2022-23ರೊಳಗೆ ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ ಮತ್ತು ಪ್ರಮಾಣಪತ್ರ ನೀಡುವ ಗುರಿ ಇಟ್ಟುಕೊಂಡಿತ್ತು. ಅಂಥ ತರಬೇತಿ ತಾಲ್ಲೂಕು ಮಟ್ಟಕ್ಕೆ ಇಳಿಯಬೇಕು. ಕಂಪನಿಗಳ ಅಧಿಕೃತ ಸೇವಾ ಕೇಂದ್ರಗಳು ದೊಡ್ಡ ಊರುಗಳಲ್ಲೇ ನೆಲೆಸಿರುವಾಗ ಕುಕನೂರಿನಂಥ ಊರಿನವರು ದುರಸ್ತಿಯ ಜೊತೆಗೆ ದೂರಕ್ಕೂ ಹಣ ತೆರಬೇಕಾಗುತ್ತದೆ. ಜಿಲ್ಲೆಯ ಐಟಿಐಗಳಲ್ಲಿ ಈ ವೃತ್ತಿಯ ಸೀಟುಗಳನ್ನು ಹೆಚ್ಚಿಸಿ, ತೇರ್ಗಡೆಯಾದವರಿಗೆ ನಿರ್ವಾತ ಪಂಪ್ ಮತ್ತು ತೂಕದ ಯಂತ್ರ ಕೊಳ್ಳಲು ಸಾಲ ಕೊಟ್ಟರೆ ಸ್ಥಳೀಯ ಯುವಕರಿಗೆ ಉದ್ಯೋಗವೂ ಆದೀತು.

ಇದಕ್ಕಿಂತ ಸುಲಭವಾಗಿ, ಖಜಾನೆಯಿಂದ ಒಂದು ರೂಪಾಯಿಯೂ ಖರ್ಚಾಗದೆ ಆಗಬಹುದಾದ ಕೆಲಸವೊಂದಿದೆ. ಅನಿಲ ತುಂಬಿದ ಪ್ರತಿ ಬಿಲ್ಲಿನಲ್ಲಿ ಅನಿಲದ ಹೆಸರು, ತುಂಬಿದ ಗ್ರಾಂಗಳು, ಸೋರಿಕೆ ಇದ್ದ ಜಾಗ ಮತ್ತು ಅದನ್ನು ಸರಿಪಡಿಸಿದ ಬಗೆ ಕಡ್ಡಾಯವಾಗಿ ನಮೂದಾಗಬೇಕು. ಪೆಟ್ರೋಲ್ ಬಂಕಿನಲ್ಲಿ ಲೀಟರ್ ತೋರಿಸದೆ ಹಣ ಕೇಳಿದರೆ ನಾವು ಸುಮ್ಮನಿರುತ್ತೇವೆಯೇ? ಬಿಡಿಭಾಗಗಳ ದರಪಟ್ಟಿಯನ್ನು ಕಂಪನಿಗಳು ಕನ್ನಡದಲ್ಲೂ ಪ್ರಕಟಿಸಬೇಕು. ಮಾದರಿಯ ಮಾರಾಟ ನಿಂತ ಮೇಲೂ ಇಂತಿಷ್ಟು ವರ್ಷ ಬಿಡಿಭಾಗ ಒದಗಿಸುವ ಹೊಣೆ ಹೊರಬೇಕು. ಕೇಂದ್ರ ಸರ್ಕಾರ ಇದನ್ನು ನಿಯಮವಾಗಿ ತರುವವರೆಗೆ ಮನೆಯವರು ಹೊರಘಟಕದ ಫಲಕದಲ್ಲಿರುವ ಅನಿಲದ ಹೆಸರು ಮತ್ತು ತೂಕವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬಹುದು. ಮೆಕ್ಯಾನಿಕ್ ಬಂದಾಗ ಅದನ್ನು ತೋರಿಸಿ ‘ಸೋರಿಕೆ ಎಲ್ಲಿದೆ, ಮೊದಲು ತೋರಿಸಿ’ ಎಂದು ಕೇಳಬಹುದು.